ಮುಚ್ಚಿದ ಕಿಟಕಿಯ ಹಿಂದೆ ಒಬ್ಬ: ಮಾರ್ಸೆಲ್ ಪ್ರೂಸ್ಟ್

ಮಾರ್ಸೆಲ್ ಪ್ರೂಸ್ಟ್ ಅನ್ನೋ ಹೆಸರನ್ನು ನಮ್ಮಲ್ಲಿ ಬಹಳಷ್ಟು ಜನ ಕೇಳಿರೋದು ಕ್ವಿಜ್‌ಗಳಲ್ಲಿ ಮಾತ್ರ. ಪ್ರಪಂಚದ ಅತಿ ಉದ್ದದ ಕಾದಂಬರಿ ಬರೆದವರು ಯಾರು ಅಂತ ಪ್ರಶ್ನೆ ಬರುತ್ತೆ, ಬಜರ್ ಒತ್ತಿ ಉತ್ತರ ಹೇಳ್ತೀವಿ, ಹತ್ತು ಪಾಯಿಂಟ್ ತಗೋತೀವಿ, ಅಲ್ಲಿಗೆ ಮುಗೀತು. ಆ ಕಾದಂಬರಿ ಒಟ್ಟು 7 ಸಂಪುಟ ಇದೆ. ಅದನ್ನು ಬರೆದವನು ತನ್ನ ಬದುಕಿನ ಕೊನೆಯ ಹದಿನೈದು ವರ್ಷಗಳ ಬಹುಪಾಲನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮಂಚದ ಮೇಲೇ ಕಳೆದ. ಕಾರಣ ಅಸ್ತಮಾ. ನಾನು ಈ ಲೇಖನದಲ್ಲಿ ಹೇಳಹೊರಟಿರೋದು ಕಾದಂಬರಿಯ ಬಗ್ಗೆ ಅಲ್ಲ, ಆ ಕೋಣೆಯ ಬಗ್ಗೆ. ಅಲ್ಲಿದ್ದವನು ಒಂಟಿತನದ ಜೊತೆ ಹೇಗೆ ಏಗಿದ, ಎಲ್ಲಿ ಗೆದ್ದ, ಎಲ್ಲಿ ಸೋತ ಅನ್ನೋದರ ಬಗ್ಗೆ.

ಪ್ರೂಸ್ಟ್ ಹುಟ್ಟಿದ್ದು 1871ರ ಜುಲೈ 10ರಂದು, ಪ್ಯಾರಿಸ್‌ನ ಅಂಚಿನ ಓತೆಯ್ ಎಂಬಲ್ಲಿ. ಅಪ್ಪ ಆದ್ರಿಯಾನ್ ಪ್ರೂಸ್ಟ್ ಆ ಕಾಲದ ದೊಡ್ಡ ಡಾಕ್ಟರ್. ಕಾಲರಾ ಯಾವ ದಾರಿ ಹಿಡಿದು ಯುರೋಪಿಗೆ ಬರುತ್ತೆ ಅಂತ ಪತ್ತೆ ಮಾಡೋಕೆ 1869ರಲ್ಲಿ ರಷ್ಯಾ, ಪರ್ಷಿಯಾ ತನಕ ಹೋಗಿ ಬಂದವರು. ರೋಗವನ್ನು ಗಡಿಯಲ್ಲೇ ತಡೆಯಬೇಕು ಅಂತ ದೇಶದೇಶಗಳ ಸಭೆಗಳಲ್ಲಿ ವಾದಿಸಿದವರು. ಅಮ್ಮ ಝಾನ್ ಅನುಕೂಲಸ್ಥ ಯಹೂದಿ ಮನೆತನದವರು, ತುಂಬಾ ಓದಿಕೊಂಡವರು. ಎರಡು ವರ್ಷ ಚಿಕ್ಕವನಾದ ತಮ್ಮ ರೊಬೇರ್ ಮುಂದೆ ತಾನೂ ಸರ್ಜನ್ ಆದ. ಅಂದ್ರೆ ದುಡ್ಡಿಗೆ ಕೊರತೆ ಇಲ್ಲ, ಡಾಕ್ಟರಿಗಾಗಿ ಹೊರಗೆ ಹೋಗಬೇಕಾಗಿಲ್ಲ.

ಒಂಬತ್ತನೇ ವಯಸ್ಸಿನಲ್ಲಿ ಅದು ಶುರುವಾಯಿತು. ಬ್ವಾ ದ ಬುಲೋನ್ ಅನ್ನೋ ದೊಡ್ಡ ಉದ್ಯಾನದಲ್ಲಿ ಮನೆಯವರ ಜೊತೆ ಸುತ್ತಾಡಿ ಬರುವಾಗ ಹುಡುಗನಿಗೆ ಉಸಿರು ಕಟ್ಟಿತು. ಅಪ್ಪ ಜೊತೆಯಲ್ಲೇ ಇದ್ದರು. ಮಗ ಕಣ್ಣೆದುರೇ ಹೋಗಿಬಿಡ್ತಾನೆ ಅನ್ನುವಷ್ಟು ಜೋರಾದ ಅಟ್ಯಾಕ್ ಅದು. ಊರಿಗೆಲ್ಲ ಆರೋಗ್ಯದ ಪಾಠ ಹೇಳುವ ಡಾಕ್ಟರ್, ತನ್ನ ಮಗನ ಮುಂದೆ ಏನೂ ಮಾಡಲಾಗದೆ ನಿಂತರು.

ಒಳಗೆ ಏನಾಗುತ್ತೆ ಅಂತ ನಮ್ಮ ಭಾಷೆಯಲ್ಲೇ ನೋಡೋಣ. ಅಸ್ತಮಾ ಇರುವವರ ಶ್ವಾಸನಾಳಗಳ ಒಳಪದರ ಸ್ವಲ್ಪ ಊದಿಕೊಂಡೇ ಇರುತ್ತೆ. ಧೂಳು, ಪರಾಗ, ಹೊಗೆ, ತಣ್ಣನೆಯ ಗಾಳಿ ಇವುಗಳಲ್ಲಿ ಯಾವುದಾದರೂ ತಾಕಿದರೆ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತೆ, ಒಳಗೆ ಕಫ ಕಟ್ಟುತ್ತೆ, ದಾರಿ ಕಿರಿದಾಗುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಹೇಗನ್-ಪಾಯ್ಸೂಲಿ ಸಮೀಕರಣ ನೆನಪಿಸಿಕೊಳ್ಳಿ. ಲ್ಯಾಮಿನಾರ್ ಫ್ಲೋ ಅಂತ ಇಟ್ಟುಕೊಂಡರೆ, ಪೈಪಿನ ತ್ರಿಜ್ಯ ಅರ್ಧವಾದಾಗ ತಡೆ ಎರಡು ಪಟ್ಟಲ್ಲ, 16 ಪಟ್ಟು ಆಗುತ್ತೆ. ಶ್ವಾಸಕೋಶದಲ್ಲಿ ಲೆಕ್ಕ ಇಷ್ಟು ಸರಳವಾಗಿಲ್ಲ, ಆದರೆ ಸ್ವಲ್ಪ ಕಿರಿದಾದರೂ ಯಾಕೆ ಅಷ್ಟು ಕಷ್ಟ ಅನ್ನೋದು ಇದರಿಂದ ಗೊತ್ತಾಗುತ್ತೆ. ಇನ್ನೊಂದು ವಿಷಯ. ಅಸ್ತಮಾದಲ್ಲಿ ಉಸಿರು ಎಳೆದುಕೊಳ್ಳೋದಕ್ಕಿಂತ ಬಿಡೋದೇ ಹೆಚ್ಚು ಕಷ್ಟ. ಹಳೆಯ ಗಾಳಿ ಒಳಗೇ ಸಿಕ್ಕಿಹಾಕಿಕೊಂಡು ಹೊಸದಕ್ಕೆ ಜಾಗವೇ ಇರಲ್ಲ.

ಆ ದಿನದಿಂದ ಹುಡುಗನ ಪ್ರಪಂಚ ಒಂದೊಂದಾಗಿ ಮುಚ್ಚಿಕೊಳ್ಳುತ್ತಾ ಹೋಯಿತು. ರಜೆ ಬಂದರೆ ಅಪ್ಪನ ಊರಾದ ಇಲ್ಯೇಗೆ ಹೋಗುವ ಅಭ್ಯಾಸ ಇತ್ತು. ಹೊಲ, ತೋಟ, ಬೇಲಿ ತುಂಬಾ ಹೂವು. ಪರಾಗದ ಭಯದಿಂದ ಆ ಊರು ನಿಂತುಹೋಯಿತು. ಶಾಲೆಯಲ್ಲಿ ಆಗಾಗ ಗೈರುಹಾಜರು, ನಮ್ಮ ಲೆಕ್ಕದಲ್ಲಿ ಪಕ್ಕಾ ಅಟೆಂಡೆನ್ಸ್ ಶಾರ್ಟೇಜ್ ಕೇಸ್. ಆದರೆ ಹೋಗಲಾಗದ ಆ ಊರನ್ನೇ ಅವನು ಮುಂದೆ ಕಾದಂಬರಿಯಲ್ಲಿ ಕೊಂಬ್ರೇ ಅನ್ನೋ ಹೆಸರಿನಲ್ಲಿ ಮತ್ತೆ ಕಟ್ಟಿದ. ಅವನು ಹುಟ್ಟಿ ನೂರು ವರ್ಷ ತುಂಬಿದ 1971ರಲ್ಲಿ ಆ ಊರು ತನ್ನ ಹೆಸರನ್ನೇ ಇಲ್ಯೇ-ಕೊಂಬ್ರೇ ಅಂತ ಬದಲಾಯಿಸಿಕೊಂಡಿತು.

ರೋಗ ಕಟ್ಟಿದ ಗೋಡೆ ಇದಾದರೆ, ಇನ್ನೊಂದು ಗೋಡೆಯನ್ನು ಸುತ್ತಲಿನ ಜನ ಕಟ್ಟಿದರು. ಆಗಿನ ಬಹುತೇಕ ಡಾಕ್ಟರುಗಳ ಪ್ರಕಾರ ಅಸ್ತಮಾ ನರಗಳಿಗೆ ಸೇರಿದ ಕಾಯಿಲೆ. ಎದುವಾರ್ ಬ್ರಿಸೋ ಅನ್ನೋ ನರರೋಗ ತಜ್ಞರು 1896ರಲ್ಲಿ ಅಸ್ತಮಾ ಬಗ್ಗೆ ಒಂದು ಪುಸ್ತಕ ಬರೆದರು. ಅದಕ್ಕೆ ಮುನ್ನುಡಿ ಬರೆದದ್ದು ಬೇರೆ ಯಾರೂ ಅಲ್ಲ, ಪ್ರೂಸ್ಟ್‌ನ ಅಪ್ಪ. ನರಗಳದ್ದು ಅಂದಮೇಲೆ ಮುಂದಿನ ಹೆಜ್ಜೆ ಸುಲಭ. ಮನಸ್ಸು ಗಟ್ಟಿ ಮಾಡ್ಕೊ, ಅಭ್ಯಾಸ ಬದಲಾಯಿಸ್ಕೊ, ಎಲ್ಲಾ ಸರಿಹೋಗುತ್ತೆ ಅನ್ನೋ ಬುದ್ಧಿವಾದ. ಉಸಿರಾಡೋಕೆ ಆಗ್ತಿಲ್ಲ ಅನ್ನುವವನಿಗೆ, ನಿನ್ನ ಸ್ವಭಾವವೇ ಸರಿಯಿಲ್ಲ ಅಂತ ಹೇಳಿದ ಹಾಗೆ.

ಈ ಭಾಗ ನನಗೆ ಚೆನ್ನಾಗಿ ಅರ್ಥವಾಗುತ್ತೆ, ಯಾಕಂದ್ರೆ ನನಗೂ ಚಿಕ್ಕಂದಿನಿಂದ ವೀಸಿಂಗ್ ಇದೆ. ಅಜ್ಜಿ ಅದನ್ನ ದಮ್ಮು ಅಂತಾರೆ. ಉಬ್ಬಸ, ಗೂರಲು ಅನ್ನೋ ಪದಗಳನ್ನ ನಾನು ಕಲಿತಿದ್ದು ಈ ಕ್ಲಬ್‌ಗೆ ಸೇರಿದ ಮೇಲೆ. ಅಸ್ತಮಾದ ತೊಂದರೆ ಏನಂದ್ರೆ, ಅಟ್ಯಾಕ್ ಇಲ್ಲದ ದಿನ ನಾವು ಎಲ್ಲರ ಹಾಗೇ ಕಾಣ್ತೀವಿ. ಕೈಗೆ ಪ್ಲಾಸ್ಟರ್ ಇಲ್ಲ, ಕಾಲಿಗೆ ಬ್ಯಾಂಡೇಜ್ ಇಲ್ಲ. ರಾತ್ರಿ ಎರಡು ಗಂಟೆ ತನಕ ಮಂಚದ ಮೇಲೆ ಕೂತು ಉಸಿರು ಎಣಿಸಿದವರು ಬೆಳಿಗ್ಗೆ ಲ್ಯಾಬ್‌ನಲ್ಲಿ ನಗ್ತಾ ನಿಂತಿರ್ತಾರೆ. ಹಾಗಾಗಿ ಸಂಜೆ ಆಟಕ್ಕೆ ಬರಲ್ಲ ಅಂದ್ರೆ ಸೋಮಾರಿತನ ಅನ್ಸುತ್ತೆ, ಧೂಪ ಆರಿಸಿ ಅಂದ್ರೆ ಅತಿಯಾಯ್ತು ಅನ್ಸುತ್ತೆ. ಎರಡು ಸಲ ಟ್ರೆಕ್‌ಗೆ ಬರಲ್ಲ ಅಂದ ಮೇಲೆ ಮೂರನೇ ಸಲ ಯಾರೂ ಕೇಳೋದಿಲ್ಲ. ಯಾರ ಉದ್ದೇಶವೂ ಕೆಟ್ಟದ್ದಲ್ಲ. ನೀವಿಲ್ಲದ ಇನ್ನೊಂದು ವಾಟ್ಸಾಪ್ ಗ್ರೂಪ್ ಶುರುವಾಗುತ್ತೆ, ಅಷ್ಟೇ.

ಪ್ರೂಸ್ಟ್‌ಗೂ ಹೀಗೇ ಆಯಿತು. 18 ವರ್ಷಕ್ಕೆ, 1889ರಲ್ಲಿ, ಓರ್ಲೆಯಾನ್ ಎಂಬಲ್ಲಿ ಒಂದು ವರ್ಷದ ಸೈನಿಕ ಸೇವೆಗೆ ಸೇರಿದ. ಎಲ್ಲರ ಜೊತೆ ಒಂದೇ ಕಡೆ ಇರುವ, ಒಂದೇ ಥರ ಬದುಕುವ ಆ ಜೀವನ ಅವನಿಗೆ ಇಷ್ಟವಾಗಿತ್ತು. ಆದರೆ ರಾತ್ರಿ ಅವನ ಕೆಮ್ಮು, ಉಬ್ಬಸದಿಂದ ಉಳಿದವರಿಗೆ ನಿದ್ದೆ ಇಲ್ಲ. ಕೊನೆಗೆ ಬ್ಯಾರಕ್ ಬಿಟ್ಟು ಊರೊಳಗೆ ಬೇರೆ ರೂಮ್ ಮಾಡಿಕೊಂಡು ಮಲಗಬೇಕಾಯಿತು. ಹಗಲೆಲ್ಲ ಗುಂಪಿನಲ್ಲಿ, ರಾತ್ರಿ ಒಬ್ಬನೇ. ಹಾಸ್ಟೆಲ್‌ನಲ್ಲಿ ಇರುವವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಪ್ಯಾರಿಸ್‌ನ ಶ್ರೀಮಂತರ ಮನೆಗಳ ಪಾರ್ಟಿಗಳಲ್ಲಿ ಅವನು ಹೆಸರಾದ. ಮಾತುಗಾರ, ಮಿಮಿಕ್ರಿ ಮಾಡಿ ನಗಿಸುವವನು. ಅಲ್ಲಿಗೂ ಬೇಸಿಗೆಯಲ್ಲೂ ಉಣ್ಣೆ ಕೋಟು ಹಾಕಿಕೊಂಡು ಬರುತ್ತಿದ್ದ. 1903ರಲ್ಲಿ ತಮ್ಮನ ಮದುವೆಗೆ ಕೋಟಿನ ಮೇಲೆ ಕೋಟು, ಅದರ ಮೇಲೆ ಮಫ್ಲರ್ ಸುತ್ತಿಕೊಂಡು ಬಂದಿದ್ದ. ನೋಡಿದವರಿಗೆ ಅದೊಂದು ತಮಾಷೆ. ಮದುವೆ ಮನೆಯಲ್ಲಿ ಅಟ್ಯಾಕ್ ಬರಬಾರದು, ತಮ್ಮನ ದಿನ ಹಾಳಾಗಬಾರದು ಅನ್ನೋ ಭಯವೂ ಆ ಕೋಟುಗಳ ಕೆಳಗೆ ಇದ್ದಿರಬಹುದು ಅಂತ ನನಗನ್ನಿಸುತ್ತೆ.

ಅವನನ್ನು ಪೂರ್ತಿ ಅರ್ಥ ಮಾಡಿಕೊಂಡಿದ್ದು ಅಮ್ಮ. ಉಬ್ಬಸದ ಕಾರಣಕ್ಕೆ ಅವನು ರಾತ್ರಿ ಎಚ್ಚರ ಇದ್ದು ಹಗಲು ಮಲಗೋಕೆ ಶುರುಮಾಡಿದ್ದ. ಒಂದೇ ಮನೆಯಲ್ಲಿದ್ದರೂ ತಾಯಿ ಮಗ ಎದ್ದಿರುವ ಹೊತ್ತು ಬೇರೆ ಬೇರೆ. ಅದಕ್ಕೆ ಇಬ್ಬರೂ ಒಬ್ಬರಿಗೊಬ್ಬರು ಚೀಟಿ ಬರೆದಿಡುತ್ತಿದ್ದರು. 1903ರ ನವೆಂಬರ್‌ನಲ್ಲಿ ಅಪ್ಪ ತೀರಿಕೊಂಡರು, 1905ರ ಸೆಪ್ಟೆಂಬರ್‌ನಲ್ಲಿ ಅಮ್ಮ. 34 ವರ್ಷದ ಮಗ ಕುಸಿದುಹೋದ. ಅದೇ ವರ್ಷದ ಕೊನೆಗೆ ಡಾಕ್ಟರ್ ಸೋಲ್ಯೇ ಅವರ ಚಿಕಿತ್ಸಾಲಯದಲ್ಲಿ ಸುಮಾರು ಆರು ವಾರ ಇದ್ದು ಬಂದ. ಹೇಳಿಕೊಳ್ಳುವಂಥ ಪ್ರಯೋಜನ ಆಗಲಿಲ್ಲ.

1906ರ ಕೊನೆಯಲ್ಲಿ ಅವನು 102, ಬೂಲೆವಾರ್ ಓಸ್ಮಾನ್ ಎಂಬ ವಿಳಾಸಕ್ಕೆ ಬಂದ. ಅದು ತೀರಿಕೊಂಡ ಸಂಬಂಧಿಯೊಬ್ಬರ ಮನೆ, ಅಮ್ಮನಿಗೆ ಗೊತ್ತಿದ್ದ ಮನೆ. ಆ ಒಂದೇ ಕಾರಣಕ್ಕೆ ಆರಿಸಿಕೊಂಡ. ಬೀದಿ ನೋಡಿದ್ರೆ ಗಾಡಿ, ಧೂಳು, ಗದ್ದಲ, ಎದುರಿಗೇ ಮರಗಳು. 1910ರಲ್ಲಿ ಮಲಗುವ ಕೋಣೆಯ ಗೋಡೆಗೆ, ಸೂರಿಗೆ ಕಾರ್ಕ್ ಹಲಗೆ ಹೊಡೆಸಿದ. ಬಾಟಲಿಗೆ ಹಾಕ್ತಾರಲ್ಲ, ಅದೇ ಕಾರ್ಕ್. ಕಾರ್ಕ್‌ನ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿರುತ್ತವೆ, ಅವು ಸದ್ದನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತವೆ. ಕಿಟಕಿ ತೆರೆಯುವಂತಿಲ್ಲ, ಪರದೆ ಸರಿಸುವಂತಿಲ್ಲ. ಇದು ಮೂರನೇ ಗೋಡೆ, ಅವನೇ ಕಟ್ಟಿಕೊಂಡದ್ದು.

ಒಳಗೆ ದಿನವೂ ಲೆಗ್ರಾ ಅನ್ನೋ ಪುಡಿ ಸುಟ್ಟು ಅದರ ಹೊಗೆ ಕುಡಿಯುತ್ತಿದ್ದ. ಆಗ ಅಸ್ತಮಾಕ್ಕೆ ಸಿಗುತ್ತಿದ್ದ ಇಂಥ ಪುಡಿ, ಸಿಗರೇಟುಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ದತ್ತೂರಿ ಜಾತಿಯ ಗಿಡಗಳು. ಇದರಲ್ಲಿ ನಮ್ಮ ಕಡೆಯ ನಂಟೂ ಇದೆ. ದತ್ತೂರಿಯ ಹೊಗೆ ಎಳೆಯುವ ಈ ಪದ್ಧತಿ ಬ್ರಿಟಿಷ್ ಡಾಕ್ಟರುಗಳ ಕೈಗೆ ಸೇರಿದ್ದು 1802ರ ಸುಮಾರಿಗೆ, ಮದ್ರಾಸಿನ ಕಡೆಯಿಂದ. ಆ ಗಿಡದಲ್ಲಿರುವ ಅಟ್ರೋಪಿನ್ ಜಾತಿಯ ರಾಸಾಯನಿಕಗಳು ಶ್ವಾಸನಾಳದ ಬಿಗಿತವನ್ನು ನಿಜವಾಗಿಯೂ ಸ್ವಲ್ಪ ಸಡಿಲಿಸುತ್ತವೆ. ಆದರೆ ಗಿಡವೇ ವಿಷ, ಹೊಗೆ ಶ್ವಾಸಕೋಶಕ್ಕೆ ಇನ್ನೊಂದು ಪೆಟ್ಟು. ಯಾರೂ ಮನೆಮದ್ದು ಅಂತ ಇದನ್ನ ಪ್ರಯತ್ನಿಸಬೇಡಿ. ಪ್ರೂಸ್ಟ್ ಮುಚ್ಚಿದ ಕೋಣೆಯಲ್ಲಿ ಆ ಹೊಗೆ ತುಂಬಿಕೊಂಡು ಕೂರುತ್ತಿದ್ದ. ನಿದ್ದೆಗೆ ವೆರೋನಾಲ್, ಎಚ್ಚರಕ್ಕೆ ಕೆಫೀನ್. ಒಂದು ಸಮಸ್ಯೆಗೆ ಕಂಡುಕೊಂಡ ಪರಿಹಾರ ಇನ್ನೆರಡು ಸಮಸ್ಯೆ ತರುತ್ತಿತ್ತು.

ಇಷ್ಟು ಕೇಳಿದ ಮೇಲೆ, ಅವನು ಪ್ರಪಂಚದ ಸಂಪರ್ಕವನ್ನೇ ಕಡಿದುಕೊಂಡ ಅಂತ ಅನ್ನಿಸಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಓದುತ್ತಾ ಹೋದ ಹಾಗೆ ಕಂಡಿದ್ದು ಬೇರೆ. ಗೋಡೆಗಳ ನಡುವೆಯೇ ಅವನು ಒಂದಷ್ಟು ಲೈನ್‌ಗಳನ್ನು ಜೀವಂತ ಇಟ್ಟುಕೊಂಡಿದ್ದ.

ಮೊದಲನೇ ಲೈನ್ ಪತ್ರ. ರಾತ್ರಿಯೆಲ್ಲ ಗೆಳೆಯರಿಗೆ ಪತ್ರ ಬರೆಯುತ್ತಿದ್ದ. ಅಮೆರಿಕದ ವಿದ್ವಾಂಸ ಫಿಲಿಪ್ ಕೋಲ್ಬ್ ಅವನ್ನು ಹುಡುಕಿ ಜೋಡಿಸಿ 1970ರಿಂದ 1993ರವರೆಗೆ 21 ಸಂಪುಟಗಳಲ್ಲಿ ಪ್ರಕಟಿಸಿದರು. ಅಷ್ಟಾದರೂ ಎಲ್ಲ ಮುಗಿಯಲಿಲ್ಲ, ಆಮೇಲೂ ಹೊಸ ಪತ್ರಗಳು ಸಿಕ್ಕವು. ಅವುಗಳಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಮೇಲಿನ ಮಹಡಿಯದ್ದು. ಅವನ ತಲೆಯ ಮೇಲೇ ವಿಲಿಯಮ್ಸ್ ಅನ್ನೋ ಅಮೆರಿಕದ ದಂತವೈದ್ಯರ ಮನೆ. ಅಲ್ಲಿಂದ ಸುತ್ತಿಗೆ ಸದ್ದು, ಓಡಾಟದ ಸದ್ದು. ಪ್ರೂಸ್ಟ್ ಡಾಕ್ಟರ್ ಹೆಂಡತಿಗೆ ಪತ್ರ ಬರೆದು, ತುಂಬಾ ವಿನಯದಿಂದ, ಇಂಥ ಹೊತ್ತಿನಲ್ಲಿ ಸ್ವಲ್ಪ ಸದ್ದು ಕಡಿಮೆ ಮಾಡೋಕಾಗುತ್ತಾ ಅಂತ ಕೇಳಿದ. ಆಕೆ ಹಾರ್ಪ್ ನುಡಿಸುವವರು, ಆಕೆಗೂ ಆರೋಗ್ಯ ಸರಿಯಿರಲಿಲ್ಲ. ದೂರಿನಿಂದ ಶುರುವಾದದ್ದು ಸ್ನೇಹವಾಯಿತು. ಹೂವು, ಪುಸ್ತಕ, ಪತ್ರ ಕೆಳಗೂ ಮೇಲೂ ಓಡಾಡಿದವು. ಇಬ್ಬರೂ ಮುಖಾಮುಖಿ ಆಗಿದ್ದು ತೀರಾ ಅಪರೂಪ. ನಡುವೆ ಒಂದು ಸೂರು ಮಾತ್ರ. ಈ ಪತ್ರಗಳು ಪುಸ್ತಕವಾಗಿ ಬಂದದ್ದು 2013ರಲ್ಲಿ.

ಎರಡನೇ ಲೈನ್ ಕೇಳಿದ್ರೆ ನಮ್ಮ ಎಲೆಕ್ಟ್ರಾನಿಕ್ಸ್‌ನವರು ಖುಷಿಪಡ್ತಾರೆ. ಪ್ಯಾರಿಸ್‌ನಲ್ಲಿ ಆಗ ಥಿಯೇಟ್ರೋಫೋನ್ ಅನ್ನೋ ಸೇವೆ ಇತ್ತು. ಎಂಜಿನಿಯರ್ ಕ್ಲೆಮಾನ್ ಆದೇರ್ 1881ರ ವಿದ್ಯುತ್ ಪ್ರದರ್ಶನದಲ್ಲಿ ತೋರಿಸಿದ ತಂತ್ರ ಅದು. ರಂಗದ ಮೇಲೆ ಮೈಕ್ರೋಫೋನ್ ಇಟ್ಟು, ಟೆಲಿಫೋನ್ ತಂತಿಯ ಮೂಲಕ ಸದ್ದನ್ನು ದೂರಕ್ಕೆ ಕಳಿಸೋದು. ಎರಡು ಕಿವಿಗೆ ಎರಡು ರಿಸೀವರ್, ಹಾಗಾಗಿ ಒಂದು ಥರ ಸ್ಟೀರಿಯೋ ಕೂಡ. ಪ್ರೂಸ್ಟ್ 1911ರಲ್ಲಿ ಚಂದಾ ಕಟ್ಟಿ, ಮಂಚದ ಮೇಲೆ ಮಲಗಿಕೊಂಡೇ ದೆಬ್ಯೂಸಿಯ ಒಪೆರಾ ಕೇಳಿದ. ಸೌಂಡ್ ಕ್ವಾಲಿಟಿ ಅಷ್ಟಕ್ಕಷ್ಟೆ. ಆದರೂ ಒಪೆರಾ ಮನೆಯಲ್ಲಿ ಕೂತವರು ಕೇಳುವ ಅದೇ ಕ್ಷಣದಲ್ಲಿ ತಾನೂ ಕೇಳುತ್ತಿದ್ದೇನೆ ಅನ್ನೋದು ಅವನಿಗೆ ಸಿಕ್ಕಿತು. ಲೈವ್‌ಸ್ಟ್ರೀಮ್ ಅಂದ್ರೆ ಇದೇ ತಾನೆ? ತಂತಿ ಸಾಲದಾದಾಗ 1916ರಲ್ಲಿ ಪೂಲೇ ಕ್ವಾರ್ಟೆಟ್‌ನ ಸಂಗೀತಗಾರರನ್ನೇ ರಾತ್ರಿ ಹೊತ್ತು ಮನೆಗೆ ಕರೆಸಿ ನುಡಿಸಿಸಿದ. ದುಡ್ಡಿದ್ದವನು, ಕರೆಸಿದ. ಆದರೆ ಹೊರಗೆ ಹೋಗೋಕಾಗಲ್ಲ ಅಂತ ಸಂಗೀತವನ್ನೇ ಬಿಡಲಿಲ್ಲ ಅನ್ನೋದು ಮುಖ್ಯ.

ಮೂರನೇ ಲೈನ್ ಸೆಲೆಸ್ತ್ ಅಲ್ಬಾರೆ. ಪ್ರೂಸ್ಟ್ ಬಾಡಿಗೆಗೆ ಕರೆಯುತ್ತಿದ್ದ ಟ್ಯಾಕ್ಸಿಯ ಡ್ರೈವರ್ ಓದಿಲೋನ್‌ನ ಹೆಂಡತಿ, ಫ್ರಾನ್ಸ್‌ನ ಲೊಜೇರ್ ಎಂಬ ಗುಡ್ಡಗಾಡಿನ ಹಳ್ಳಿಯಿಂದ ಬಂದವಳು. 1913ರಲ್ಲಿ ಪ್ಯಾರಿಸ್‌ಗೆ ಬಂದಾಗ ಪ್ರಾಯ ಇಪ್ಪತ್ತೆರಡು. ದೊಡ್ಡ ನಗರದಲ್ಲಿ ಅವಳೂ ಒಂಟಿಯೇ. ಮೊದಲು ಅವನ ಪುಸ್ತಕದ ಪ್ರತಿಗಳನ್ನು ಗೆಳೆಯರ ಮನೆಗೆ ತಲುಪಿಸುವ ಕೆಲಸ, 1914ರಲ್ಲಿ ಯುದ್ಧ ಶುರುವಾದ ಮೇಲೆ ಆ ಮನೆಯಲ್ಲೇ ವಾಸ. ಅವನು ಸಂಜೆ ಏಳುವವನು, ಅವಳೂ ಹಾಗೇ ಎದ್ದಳು. ಅವನಿಗೆ ಹಾಲು ಬೆರೆಸಿದ ಕಾಫಿ ಯಾವಾಗ ಬೇಕು, ಯಾವಾಗ ಮಾತಾಡಿಸಬಾರದು, ಎಲ್ಲ ಅರಿತಳು. ಹಸ್ತಪ್ರತಿಯ ಅಂಚಿನಲ್ಲಿ ಜಾಗ ಮುಗಿದಾಗ ಹೊಸ ಕಾಗದ ಅಂಟಿಸಿ ಮಡಿಸಿಡುತ್ತಿದ್ದಳು. ರಾತ್ರಿ ಹೊರಗೆ ಹೋಗಿ ಬಂದರೆ ಅಲ್ಲಿ ಕಂಡಿದ್ದು ಕೇಳಿದ್ದನ್ನೆಲ್ಲ ಗಂಟೆಗಟ್ಟಲೆ ಅವಳಿಗೆ ಹೇಳುತ್ತಿದ್ದ, ಅವಳು ನಿಂತೇ ಕೇಳುತ್ತಿದ್ದಳು. ಅವಳು ಅವನನ್ನು ಬದಲಾಯಿಸೋಕೆ ಹೋಗಲಿಲ್ಲ, ಅವನ ಮಾತನ್ನು ಅನುಮಾನಿಸಲೂ ಇಲ್ಲ. ಅವನು ಸತ್ತು ಐವತ್ತು ವರ್ಷದ ಮೇಲೆ, 1973ರಲ್ಲಿ, ಅವಳ ನೆನಪುಗಳು ಪುಸ್ತಕವಾಗಿ ಬಂದವು.

ಕಾದಂಬರಿಯ ಮೊದಲ ಸಂಪುಟವನ್ನು ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ತಿರಸ್ಕರಿಸಿದರು. 1913ರಲ್ಲಿ ತನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿದ. ತಿರಸ್ಕರಿಸಿದವರಲ್ಲಿ ಒಬ್ಬರಾದ ಆಂದ್ರೆ ಜೀದ್ ಮರುವರ್ಷ ಕ್ಷಮೆ ಕೇಳಿ ಪತ್ರ ಬರೆದರು. 1919ರಲ್ಲಿ ಎರಡನೇ ಸಂಪುಟಕ್ಕೆ ಫ್ರಾನ್ಸ್‌ನ ದೊಡ್ಡ ಬಹುಮಾನ ಗೊಂಕೂರ್ ಬಂತು. ಅದೇ ವರ್ಷ ಕಾರ್ಕ್ ಕೋಣೆಯ ಮನೆ ಮಾರಾಟವಾಗಿ ಅವನು ಅಲ್ಲಿಂದ ಹೊರಡಬೇಕಾಯಿತು. 1922ರಲ್ಲಿ ನೆಗಡಿ, ಕೆಮ್ಮು ಎದೆಗಿಳಿದು ನ್ಯುಮೋನಿಯಾ ಆಯಿತು. ತಮ್ಮ ರೊಬೇರ್ ಬಂದು ಆಸ್ಪತ್ರೆಗೆ ಕರೆದರೂ ಒಪ್ಪಲಿಲ್ಲ. ಡಾಕ್ಟರುಗಳ ಮೇಲಿನ ನಂಬಿಕೆ ಅವನಿಗೆ ಯಾವತ್ತೋ ಹೋಗಿತ್ತು. ಚಿಕ್ಕಂದಿನಿಂದ ನಿನ್ನದು ನರದ ಕಾಯಿಲೆ ಅಂತ ಕೇಳಿಕೊಂಡು ಬಂದವನು ಕೊನೆಗೆ ಡಾಕ್ಟರಾದ ಸ್ವಂತ ತಮ್ಮನ ಮಾತನ್ನೂ ಕೇಳಲಿಲ್ಲ. ನವೆಂಬರ್ 18ರಂದು ತೀರಿಕೊಂಡ. ವಯಸ್ಸು 51. ಹಿಂದಿನ ರಾತ್ರಿಯೂ ಸೆಲೆಸ್ತ್‌ಗೆ ಬರೆಸುತ್ತಿದ್ದ. ಉಳಿದ ಸಂಪುಟಗಳು ಹೊರಬರೋಕೆ ತಮ್ಮನೇ ಓಡಾಡಿದ. ಕೊನೆಯದು 1927ರಲ್ಲಿ ಬಂತು.

ಪ್ರೂಸ್ಟ್ ಬಗ್ಗೆ ಹೇಳುವಾಗ ಕೆಲವರು, ಕಾಯಿಲೆ ಇದ್ದಿದ್ದಕ್ಕೇ ಅಂಥ ಪುಸ್ತಕ ಬಂತು, ಒಂಟಿತನವೇ ಅವನ ಶಕ್ತಿ ಅಂತಾರೆ. ನನಗೆ ಇದು ಒಪ್ಪಿಗೆಯಾಗಲ್ಲ. ಉಸಿರು ಕಟ್ಟಿದ ರಾತ್ರಿ ಯಾರೂ ಕಾದಂಬರಿ ಬರೆಯಲ್ಲ, ಉಸಿರಾಡೋಕೆ ನೋಡ್ತಾರೆ. ಅವನು ಬರೆದದ್ದು ಉಸಿರು ಸಿಕ್ಕ ರಾತ್ರಿಗಳಲ್ಲಿ. ಕೋಣೆ ಅವನಿಗೆ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚಿರಬಹುದು. ಅವನ ಪತ್ರ, ತಂತಿ, ಸೆಲೆಸ್ತ್ ಮಾತ್ರ ನಾವು ಕಲಿಯಬೇಕಾದದ್ದು. ಮುಚ್ಚಿದ ಕಿಟಕಿ ಅಲ್ಲ.

ನಮ್ಮ ಅದೃಷ್ಟ ದೊಡ್ಡದು. ಅಳತೆ ಮಾಡಿ ಔಷಧಿ ಬಿಡುವ ಪುಟ್ಟ ಇನ್‌ಹೇಲರ್ ಬಂದದ್ದು 1956ರಲ್ಲಿ, ಸಾಲ್ಬುಟಮಾಲ್ 1969ರಲ್ಲಿ, ಊತ ಇಳಿಸುವ ಸ್ಟಿರಾಯ್ಡ್ ಇನ್‌ಹೇಲರ್ 1972ರಲ್ಲಿ. ಪ್ರೂಸ್ಟ್‌ಗೆ ಇದ್ಯಾವುದೂ ಇರಲಿಲ್ಲ. ಹಾಗಾಗಿ ಅಸ್ತಮಾ ಇರುವ ಗೆಳೆಯ ಗೆಳತಿಯರೇ, ಇನ್‌ಹೇಲರನ್ನ ಬ್ಯಾಗಿನ ತಳದಲ್ಲಿ ಬಚ್ಚಿಡಬೇಡಿ. ಅದು ಎಲ್ಲಿದೆ, ಯಾವಾಗ ಕೊಡಬೇಕು ಅಂತ ರೂಮ್‌ಮೇಟ್‌ಗೆ ತೋರಿಸಿ. ತಕ್ಷಣ ಆರಾಮ ಕೊಡುವ ಇನ್‌ಹೇಲರ್ ಮತ್ತೆ ಮತ್ತೆ ಬೇಕಾಗ್ತಿದ್ರೆ, ರಾತ್ರಿ ಎದ್ದು ಕೂರೋ ಹಾಗಾಗ್ತಿದ್ರೆ, ಇಂಟರ್ನಲ್ಸ್ ಮುಗೀಲಿ ಅಂತ ಕಾಯದೆ ಡಾಕ್ಟರ್ ಹತ್ರ ಹೋಗಿ. ಮಾತಾಡೋಕೂ ಆಗದಷ್ಟು ಉಸಿರು ಕಟ್ಟಿದ್ರೆ ಅದು ಎಮರ್ಜೆನ್ಸಿ, ಯಾವ ಹೊತ್ತಾದ್ರೂ ಆಸ್ಪತ್ರೆಗೆ.

ಅಸ್ತಮಾ ಇಲ್ಲದವರಿಗೆ ಒಂದೇ ಕೋರಿಕೆ. ಅವರು ಹೇಗಿದ್ರೂ ಬರಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ, ಮೂರನೇ ಸಲವೂ ಕೇಳಿ. ಬೆಟ್ಟ ಹತ್ತೋಕಾಗದವರು ಬುಡದಲ್ಲಿ ಕೂತು ಟೀ ಕುಡಿಯೋಕೆ ಬರಬಹುದು. ಬರಲ್ಲ ಅಂದ್ರೂ ಪರವಾಗಿಲ್ಲ, ಕೇಳಿದ್ದು ಉಳಿಯುತ್ತೆ. ಮೇಲಿನ ಮಹಡಿಯ ಆ ಹೆಂಗಸು ಪ್ರೂಸ್ಟ್‌ನ ಕಾಯಿಲೆ ವಾಸಿ ಮಾಡಲಿಲ್ಲ, ಪತ್ರಕ್ಕೆ ಉತ್ತರ ಬರೆದರು. ಅಷ್ಟು ನಮ್ಮಿಂದಲೂ ಆಗುತ್ತೆ.